ಖಾನಾಪುರದಲ್ಲಿ ಮೂರು ಸಲ ಹೇಳಿದ ಸಾಕ್ಷಿ

ನಮ್ಮವರು ಕುಡಿತ ಬಿಟ್ಟ ಸಂಜೆ ಮಳೆ ಬರುತ್ತಿತ್ತು. ಇದು ಅವರು ಹೇಳುವ ಮಾತು. ಮಳೆ ಇರಲಿಲ್ಲ ಎಂದು ನನ್ನ ನೆನಪು. ಆದರೆ ನನ್ನ ನೆನಪಿಗೂ ಯಾರೂ ಸಹಿ ಹಾಕಿಕೊಟ್ಟಿಲ್ಲ. ಹಾಗಾಗಿ ಮಳೆ ಅರ್ಧ ಬಂದಿತ್ತು ಎಂದಿಟ್ಟುಕೊಂಡು ಮುಂದೆ ಹೋಗುತ್ತೇನೆ.

ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳುವುದೆಂದರೆ ಕೋರ್ಟಿನ ಕೆಲಸವಲ್ಲ. ದೇವರು ತನ್ನ ಬಾಳಿನಲ್ಲಿ ಏನು ಮಾಡಿದನೆಂದು ಎದ್ದು ನಿಂತು ನಾಲ್ಕು ಜನರೆದುರು ಹೇಳುವುದು. ಕೇಳಿದವರು ‘ಸ್ತೋತ್ರ’ ಎನ್ನುತ್ತಾರೆ, ಹೇಳಿದವರು ಕಣ್ಣು ಒರೆಸಿಕೊಂಡು ಕೂರುತ್ತಾರೆ. ಪಾಟೀಸವಾಲು ಇರುವುದಿಲ್ಲ. ಅದನ್ನು ನಾನು ಮನೆಗೆ ಬಂದ ಮೇಲೆ ಮಾಡುತ್ತೇನೆ.

ನಮ್ಮ ಮನೆ ಬೆಳಗಾವಿಯ ಖಾಸಬಾಗದಲ್ಲಿ, ಹಗಲೆಲ್ಲ ಮಗ್ಗದ ಸದ್ದು ಕೇಳುವ ಓಣಿಯೊಳಗೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಅವರು ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಮಷಿನ್ ನಡೆಸುತ್ತಾರೆ. ಇಬ್ಬರೂ ಅಜ್ಜ ಮುತ್ತಜ್ಜರ ಕಾಲದಿಂದ ಚರ್ಚಿನ ಬೆಂಚಿನ ಮೇಲೆ ಬೆಳೆದ ಮನೆತನದವರು. ಅವರು ಕುಡಿಯುತ್ತಿದ್ದ ವರ್ಷಗಳಲ್ಲೂ ಭಾನುವಾರ ತಪ್ಪಿಸಿದವರಲ್ಲ. ಹಿಂದಿನ ಬೆಂಚಿನಲ್ಲಿ ಕೂತು ಕೀರ್ತನೆಗಳನ್ನು ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಒಂದು ಸಾಲು ಮುಂದೆ ಹಾಡುತ್ತಿದ್ದರು. ಆದ್ದರಿಂದ ಅವರು ದೇವರ ಕಡೆಗೆ ತಿರುಗಿದರು ಎಂದು ಯಾರಾದರೂ ಹೇಳಿದಾಗ ನನಗೆ ನಗು ಬರುತ್ತದೆ. ಮುಖ ಮೊದಲಿನಿಂದಲೂ ಆ ಕಡೆಗೇ ಇತ್ತು. ಕಾಲು ಮಾತ್ರ ಬೇರೆ ಕಡೆ ಹೋಗುತ್ತಿತ್ತು.

ಕಾಲನ್ನು ಮುಖದ ಕಡೆಗೆ ತಿರುಗಿಸುವುದಕ್ಕೆ ಬಹಳ ದಿನ ಹಿಡಿಯಿತು. ಡಾಕ್ಟರ ಗುಳಿಗೆ ಇತ್ತು. ಬೆಳಗ್ಗೆ ಬೆಳಗ್ಗೆ ಸ್ಕೂಟರ್ ತಂದು ಬಾಗಿಲ ಮುಂದೆ ಹಾರ್ನ್ ಹೊಡೆಯುವ ಪಾಳಕರು, ಅಂದರೆ ನಮ್ಮ ಚರ್ಚಿನ ಪಾದ್ರಿಗಳು, ಇದ್ದರು. ಚರ್ಚಿನ ಹಿಂದಿನ ಕೋಣೆಯಲ್ಲಿ ಶನಿವಾರ ಸಂಜೆ ಕೂಡುವ ಐದಾರು ಗಂಡಸರು ಇದ್ದರು. ಕೆಟ್ಟ ಹಾರ್ಮೋನಿಯಂ ಒಂದರ ಸುತ್ತ ಕೂತು, ಚಹಾ ಕುಡಿದು, ಆ ವಾರ ಯಾರ್ಯಾರು ಹೇಗ್ಹೇಗೆ ಬಚಾವಾದೆವೆಂದು ಹೇಳಿಕೊಂಡು, ಪ್ರಾರ್ಥನೆ ಮಾಡಿ ಏಳುವವರು. ನಡುವೆ ಇವರು ಜಾರಿದ್ದೂ ಉಂಟು. ಜಾರಿದ ಮರುದಿನ ಪಾಳಕರು ಬೈಯದೆ ಹಾರ್ನ್ ಹೊಡೆದದ್ದೂ ಉಂಟು. ಆಮೇಲೆ ಯಾವಾಗಲೋ ಅದು ನಿಂತಿತು. ಯಾವಾಗ ಎಂದು ಕೇಳಿದರೆ ನಾನು ಹೇಳಲಾರೆ. ಮಗು ನಡೆಯಲು ಕಲಿತ ದಿನ ಯಾವುದೆಂದು ಕೇಳಿದ ಹಾಗೆ.

ಆದರೆ ಸಾಕ್ಷಿಗೆ ಒಂದು ಸಂಜೆ ಬೇಕು.

ಮೊದಲ ಸಲ ನಮ್ಮ ಚರ್ಚಿನಲ್ಲಿ ಅವರು ಹೇಳಿದ್ದು ಹೀಗೆ: ಜೇಬಿನಲ್ಲಿ ಬಾಟಲಿ ಇಟ್ಟುಕೊಂಡು ಕೋಟೆಯ ಕಂದಕದ ಬಳಿ ಕಟ್ಟೆಯ ಮೇಲೆ ಕೂತಿದ್ದೆ. ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದ ನರ್ಸ್ ಒಬ್ಬಳ ಮೊಬೈಲ್ ಸದ್ದು ಮಾಡಿತು. ರಿಂಗ್‌ಟೋನ್ ನಮ್ಮ ತಾಯಿ ಹಾಡುತ್ತಿದ್ದ ಕೀರ್ತನೆ. ಎದ್ದು ಮನೆಗೆ ಬಂದೆ. ಇಷ್ಟೇ. ಬಾಟಲಿ ಏನಾಯಿತೆಂದು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಎರಡನೆಯ ಸಲ ನರ್ಸ್ ಹೋಗಿ, ಬಿಳಿ ಬಟ್ಟೆ ತೊಟ್ಟ ಒಬ್ಬ ಹೆಣ್ಣುಮಗಳು ಬಂದಳು. ಆಮೇಲೆ ಮೊಬೈಲ್ ಹೋಯಿತು. ಹಾಡು ಮಿಲಿಟರಿ ಕ್ಯಾಂಪಿನ ಕಡೆಯ ಚರ್ಚಿನಿಂದ ಗಾಳಿಯಲ್ಲಿ ತೇಲಿ ಬರತೊಡಗಿತು. ಮಳೆ ಹಿಡಿಯಿತು. ಬಾಟಲಿಯನ್ನು ಕಂದಕಕ್ಕೆ ಎಸೆದರು. ಕೊನೆಗೆ, ಆ ಕ್ಷಣದಿಂದ ಕುಡಿತದ ದಾಹವನ್ನು ಕರ್ತನು ಬೇರುಸಹಿತ ಕಿತ್ತುಹಾಕಿದನು ಎಂಬ ಸಾಲು ಬಂದು ಕೂತಿತು. ಒಮ್ಮೆ ಕೂತ ಮೇಲೆ ಅದು ಏಳಲಿಲ್ಲ.

ಇದರಲ್ಲಿ ಸುಳ್ಳು ಹೇಳುವ ಉದ್ದೇಶ ಅವರಿಗೆ ಎಳ್ಳಷ್ಟೂ ಇರಲಿಲ್ಲ. ಲೇಥ್ ಮೇಲೆ ಕಬ್ಬಿಣ ತಿರುಗಿಸಿ ತಿರುಗಿಸಿ ನುಣುಪು ಮಾಡುವವರು, ಕತೆಯನ್ನೂ ಹಾಗೆಯೇ ಮಾಡಿದರು. ಬಾಟಲಿ ಎಸೆದದ್ದು ಖರೆ ಎಂದು ಅವರು ಈಗಲೂ ನಂಬಿದ್ದಾರೆ. ಅದೇ ವಾರ ನಮ್ಮ ಪಾಯಿಖಾನೆಯ ಫ್ಲಶ್ ಟ್ಯಾಂಕಿನೊಳಗೆ ನನಗೆ ಒಂದು ಬಾಟಲಿ ಸಿಕ್ಕಿದ್ದೂ ಖರೆ. ಎರಡು ಬಾಟಲಿ ಇದ್ದಿರಬಹುದು. ಎರಡು ವಾರ ಇದ್ದಿರಲೂಬಹುದು. ಕ್ರಿಸ್ಮಸ್ ಹಾಡಿಗೆಂದು ನಮ್ಮ ಸಭೆಯವರು ಹಿಂಡಲಗಾ ಜೈಲಿಗೆ ಹೋದಾಗ ಅಲ್ಲಿಯೂ ಇವರ ಸಾಕ್ಷಿ ಆಯಿತು. ಮುಗಿದ ಮೇಲೆ ಒಬ್ಬ ಕೈದಿ ಬಹಳ ಮರ್ಯಾದೆಯಿಂದ ಕೇಳಿದನಂತೆ: “ಅಣ್ಣಾರ, ಬಾಟ್ಲಿ ತುಂಬಿತ್ತೋ ಖಾಲಿನೋ? ಯಾಕಂದ್ರ ಖಾಲಿ ಇದ್ರ ತೇಲತೈತಿ.” ಜೈಲಿನಲ್ಲಿ ಇರುವವರಿಗೆ ಸಾಕ್ಷಿಯ ಅನುಭವ ನಮಗಿಂತ ಹೆಚ್ಚು.

ಈ ಸಾಕ್ಷಿಯಲ್ಲಿ ನನಗೂ ಒಂದು ಪಾತ್ರವಿದೆ. ಅದೇ ಹೊತ್ತಿಗೆ ನಾನು ಮನೆಯಲ್ಲಿ ಮೊಳಕಾಲೂರಿ ಕಣ್ಣೀರಿಡುತ್ತಾ ಅವರಿಗಾಗಿ ಪ್ರಾರ್ಥಿಸುತ್ತಿದ್ದೆನಂತೆ. ನಾನಾಗ ಓಣಿಯ ತುದಿಯ ಟೇಲರನೊಂದಿಗೆ ತೋಳು ಬಿಗಿಯಾದ ಕುಪ್ಪಸದ ಸಲುವಾಗಿ ಜಗಳ ಆಡುತ್ತಿದ್ದೆ. ಹಾಗೆಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ, ಕೇಳಿದವರು ನಗುತ್ತಾರೆ. ಆದರೆ ಬರೆಯಲು ಕೂತಾಗ ಅನುಮಾನ ಬರುತ್ತದೆ. ಆ ಜಗಳ ಆವತ್ತಿನದೇ? ಅಥವಾ ಮೊಳಕಾಲೂರಿದ ಹೆಂಡತಿಗಿಂತ ಜಗಳಗಂಟಿ ಹೆಂಡತಿ ನನಗೆ ಹೆಚ್ಚು ಒಪ್ಪುತ್ತಾಳೆಂದು ನಾನೇ ಅದನ್ನು ಎಳೆದು ತಂದೆನೆ? ಅವರು ನರ್ಸನ್ನು ಬದಲಿಸಿದರೆ ನಾನು ಟೇಲರನನ್ನು ಬದಲಿಸಿರಬಹುದು. ಒಂದೇ ಮನೆಯಲ್ಲಿ ಇರುವವರು.

ಇಷ್ಟರಲ್ಲೇ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಒಂದು ಶನಿವಾರದ ಕೂಟಕ್ಕೆ ಹೊಸಬರೊಬ್ಬರು ಬಂದರು. ಮನೆಗಳ ನೆಲಕ್ಕೆ ಫರಶಿ ಕಲ್ಲು ಹಾಕುವ ಕೆಲಸ, ನಮ್ಮವರದೇ ವಯಸ್ಸು. ನಾನು ಆವತ್ತು ಚಹಾದ ಕಿಟಲಿ ಹಿಡಿದು ಬಾಗಿಲಲ್ಲೇ ಇದ್ದೆ. ಅವರು ಇವರನ್ನು ಕೇಳಿದರು: “ಅಣ್ಣಾ, ನಿನಗ ಈಗ ಒಮ್ಮೆನೂ ಅನಸೂದಿಲ್ಲ?”

“ಇಲ್ಲ,” ಎಂದರು ಇವರು. “ಆವತ್ತೇ ಹೋತು. ಬೇರುಸಹಿತ.”

ಆ ಮನುಷ್ಯ ತಲೆ ಆಡಿಸಿದರು. ಚಹಾ ಪೂರ್ತಿ ಕುಡಿಯಲಿಲ್ಲ. ಮುಂದಿನ ಶನಿವಾರ ಬರಲಿಲ್ಲ, ಅದರ ಮುಂದಿನ ಶನಿವಾರವೂ ಬರಲಿಲ್ಲ. ದೇವರು ಒಬ್ಬರಿಗೆ ಬೇರು ಕಿತ್ತು ಕೊಟ್ಟು, ತನಗೆ ಮಾತ್ರ ಎಲೆ ಚಿವುಟಿ ಬಿಟ್ಟಿದ್ದಾನೆ ಎಂದು ಅವರಿಗೆ ಅನ್ನಿಸಿರಬೇಕು. ಇದು ನನ್ನ ಊಹೆ. ಆದರೆ ಇವರ ಬೇರು ಎಷ್ಟು ಕಿತ್ತಿದೆ ಎಂಬುದು ಊಹೆಯಲ್ಲ. ಸಂಜೆ ಆರರ ಹೊತ್ತಿಗೆ ಇವರ ಬಲಗೈ ಜೇಬಿಗೆ ಹೋಗುತ್ತದೆ. ಅಲ್ಲಿ ಆಲೇಪಾಕ ಇರುತ್ತದೆ, ಬಸ್ಸುಗಳಲ್ಲಿ ಮಾರುವ ಶುಂಠಿಯ ಆ ಸಿಹಿ. ಅದನ್ನು ಹಲ್ಲಿನಲ್ಲಿ ಕಡಿಯುವ ರೀತಿ ನೋಡಿದರೆ ಗೊತ್ತಾಗುತ್ತದೆ, ಅದು ಸಿಹಿಯ ಆಸೆಯಲ್ಲ. ವರ್ಕ್‌ಶಾಪಿನಿಂದ ಮನೆಗೆ ನೇರ ದಾರಿ ಇದ್ದರೂ ಒಂದು ಬಾರಿನ ಬೋರ್ಡು ತಪ್ಪಿಸಲು ಸುತ್ತು ಹಾಕಿ ಬರುತ್ತಾರೆ. ಕೇಳಿದರೆ, ರಸ್ತೆ ಅಗೆದಾರ ಎನ್ನುತ್ತಾರೆ. ಬೆಳಗಾವಿಯಲ್ಲಿ ಆ ನೆಪ ಯಾವಾಗಲೂ ನಡೆಯುತ್ತದೆ.

ಅಡುಗೆಮನೆಯಲ್ಲಿ ಒಮ್ಮೆ ಕೇಳಿಯೇಬಿಟ್ಟೆ.

“ಆ ಫರಶಿ ಹಾಕೂ ಅಣ್ಣಗ ಹಂಗ್ಯಾಕ ಹೇಳಿದ್ರಿ?”

“ಹೆಂಗ?”

“ಆವತ್ತಿನಿಂದ ಒಮ್ಮೆನೂ ಅನಿಸಿಲ್ಲಂತ.”

“ಸಾಕ್ಷ್ಯಾಗ ಹಂಗ ಐತಿ.”

“ಸಾಕ್ಷ್ಯಾಗ ಐತಿ. ಹೊಟ್ಟ್ಯಾಗ?”

ಅವರು ಸ್ವಲ್ಪ ಹೊತ್ತು ಈರುಳ್ಳಿ ಹೆಚ್ಚಿದರು. “ದೇವರು ತಗದಾನ ಅಂತ ಊರ ತುಂಬ ಹೇಳೇನಿ. ಈಗ ಮತ್ತ ಐತಿ ಅಂದ್ರ ದೇವರ ಮಾನ ಏನಾಗಬೇಕು?”

“ದೇವರ ಮಾನ ಕಾಯಾಕ ನಿಮ್ಮನ್ನ ವಾಚ್‌ಮನ್ ಇಟ್ಟಾರೇನ್ರಿ? ಕರ್ತನ ಪ್ರಾರ್ಥನ್ಯಾಗ ಅವತ್ತಿನ ರೊಟ್ಟಿ ಅವತ್ತ ಬೇಡಾಕ ಕಲಿಸ್ಯಾನ. ನೀವು ನೋಡಿದ್ರ ಜೀವಮಾನದ ರೊಟ್ಟಿ ಒಮ್ಮೆಲೆ ಬಡದು ಡಬ್ಬ್ಯಾಗ ಇಟ್ಟೇನಿ ಅಂತೀರಿ.”

“ಖಡಕ್ ರೊಟ್ಟಿ ಆದ್ರ ಇರ್ತಾವಲ್ಲ,” ಎಂದರು.

ನಾನು ನಕ್ಕುಬಿಟ್ಟೆ. ಅಲ್ಲೇ ತಪ್ಪಾಯಿತು. ನಮ್ಮ ಮನೆಯಲ್ಲಿ ನಾನು ನಕ್ಕರೆ ಆ ವಿಷಯ ಮುಗಿದಂತೆ ಎಂದು ಅವರ ಲೆಕ್ಕ. ನನಗೆ ಮುಗಿದಿರಲಿಲ್ಲ. ನನ್ನ ಭಯ ಇಷ್ಟೇ ಇತ್ತು: ದಾಹ ಹೋಗಿದೆ ಎಂದು ಹೇಳಿಕೊಂಡವನಿಗೆ ದಾಹ ಬಂದಾಗ ಅವನು ಯಾರಿಗೂ ಹೇಳುವ ಹಾಗಿಲ್ಲ. ಶನಿವಾರದವರಿಗಿಲ್ಲ, ಪಾಳಕರಿಗಿಲ್ಲ, ನನಗಿಲ್ಲ. ಬಹುಶಃ ದೇವರಿಗೂ ಇಲ್ಲ, ಏಕೆಂದರೆ ಕಿತ್ತವನು ಅವನೇ. ಹಾಗೆ ಒಬ್ಬರೇ ಅದರ ಜೊತೆ ಕೂತ ಯಾವುದಾದರೂ ಒಂದು ಸಂಜೆ ಇವರು ಮತ್ತೆ ಕುಡಿಯುತ್ತಾರೆ. ಅಷ್ಟು ಚಂದದ ಸಾಕ್ಷಿಯೇ ಇವರನ್ನು ಕೆಡವುತ್ತದೆ.

ಆ ಹೊತ್ತಿಗೆ ಖಾನಾಪುರದಿಂದ ಮಾಸ್ತರರ ಫೋನು ಬಂತು.

ಮಾಸ್ತರರು ಮರಾಠಿ ಶಾಲೆಯಿಂದ ನಿವೃತ್ತರಾದವರು. ಖಾನಾಪುರದ ಪ್ರಾರ್ಥನಾ ಕೂಟದ ಹಿರಿಯರು. ಬೆಳಗಾವಿಯಿಂದ ಯಾರೇ ಹೋಗಿ ಕನ್ನಡದಲ್ಲಿ ಮಾತಾಡಿದರೂ ಪಕ್ಕದಲ್ಲಿ ನಿಂತು ಸಾಲು ಸಾಲಾಗಿ ಮರಾಠಿಗೆ ಹೇಳುವ ಕೆಲಸ ಅವರದು. ಖಾನಾಪುರದಲ್ಲಿ ಇದರ ಅಗತ್ಯ ಏನು ಎಂದು ಕೇಳಬಾರದು. ಅಲ್ಲಿಯ ಜನ ಸಂತೆಯಲ್ಲಿ ಒಂದು ವಾಕ್ಯವನ್ನು ಕನ್ನಡದಲ್ಲಿ ಹಿಡಿದು ಮರಾಠಿಯಲ್ಲಿ ಬಿಡುವವರು, ಬೈಯುವುದಕ್ಕೆ ಎರಡರಿಂದಲೂ ಒಳ್ಳೊಳ್ಳೆಯದನ್ನು ಆರಿಸಿಕೊಳ್ಳುವವರು. ಹೇಳಿದ್ದೆಲ್ಲ ಅವರಿಗೆ ಮೊದಲ ಸಲವೇ ತಿಳಿಯುತ್ತದೆ. ಆದರೂ ಪರವೂರಿನವರು ಬಂದಾಗ ದುಭಾಷಿ ನಿಲ್ಲಬೇಕು. ಅದು ಬಂದವರಿಗೂ ಮರ್ಯಾದೆ, ಮಾಸ್ತರರಿಗೂ ಮರ್ಯಾದೆ. ಎಲ್ಲರೂ ಎಲ್ಲವನ್ನೂ ಎರಡೆರಡು ಸಲ ಕೇಳುತ್ತಾರೆ. ಊಟ ತಡವಾಗುತ್ತದೆ, ಅಷ್ಟೇ.

ನಂದಗಡ, ಜಾಂಬೋಟಿ ಕಡೆಯ ಕೂಟಗಳಲ್ಲಿ ಮಾಸ್ತರರು ಇವರ ಸಾಕ್ಷಿಯನ್ನು ಎಷ್ಟೋ ಸಲ ಮರಾಠಿಗೆ ಹೇಳಿದ್ದರು. ಹೇಳುತ್ತ ಹೇಳುತ್ತ ಅವರೂ ತಮ್ಮ ಕೈಗುಣ ಸೇರಿಸಿದ್ದರು. ಇವರು “ಭಾಳ ಕುಡೀತಿದ್ದೆ” ಎಂದರೆ ಅವರು “ದಾರೂಚ್ಯಾ ಸಮುದ್ರಾತ”, ಅಂದರೆ ಹೆಂಡದ ಸಮುದ್ರದಲ್ಲಿ, ಕುತ್ತಿಗೆಯವರೆಗೆ ಮುಳುಗಿಸುತ್ತಿದ್ದರು. ಬಿಳಿ ಬಟ್ಟೆಯ ಹೆಣ್ಣುಮಗಳು ಮರಾಠಿಗೆ ಹೋಗುವಷ್ಟರಲ್ಲಿ ದೇವದೂತೆಯಾಗಿರುತ್ತಿದ್ದಳು. ಆ ನರ್ಸ್ ಈಗ ಎಲ್ಲಿದ್ದಾಳೋ. ಖಾನಾಪುರ ತಾಲೂಕಿನಲ್ಲಿ ತನಗೆ ರೆಕ್ಕೆ ಬಂದಿರುವುದು ಅವಳಿಗೆ ಗೊತ್ತಿರಲಾರದು.

“ಈ ಸಲ ಅಕ್ಕಾರನೂ ಕರಕೊಂಡ ಬರ್ರಿ,” ಎಂದಿದ್ದರು ಮಾಸ್ತರರು. “ಅವರದೂ ಒಂದ ಸಾಕ್ಷಿ ಆಗ್ಲಿ.”

“ನಾ ಬಂದ್ರ ಖರೇನ ಹೇಳ್ತೀನಿ ನೋಡ್ರಿ,” ಎಂದೆ ಇವರಿಗೆ. “ಟೇಲರಂದೂ ಹೇಳ್ತೀನಿ.”

“ಹೇಳು. ಮಾಸ್ತರ ಅವನನ್ನೂ ದೇವದೂತ ಮಾಡ್ತಾರ.”

ಹೋದೆವು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ, ಹಾಗಾಗಿ ನನಗೆ ಟಿಕೆಟ್ಟಿನ ದುಡ್ಡಿಲ್ಲ, ಅವರಿಗೆ ಇದೆ. ಪ್ರತಿ ಸಲವೂ ಅವರು ಕಂಡಕ್ಟರನ ಮುಂದೆ ದೊಡ್ಡ ತ್ಯಾಗ ಮಾಡಿದವರ ಮುಖ ಮಾಡುತ್ತಾರೆ. ಪೀರನವಾಡಿ ದಾಟಿ, ಮಚ್ಛೆ ದಾಟಿ, ದಾರಿಯುದ್ದಕ್ಕೂ ಕಿಟಕಿಯ ಕಡೆ ನಾನೇ ಕೂತಿದ್ದೆ. ಈ ರಸ್ತೆ ಗೋವಾಕ್ಕೆ ಹೋಗುತ್ತದೆ, ಗೋವಾದಿಂದ ಬರುತ್ತದೆ ಕೂಡ. ಬರುವ ಗಾಡಿಗಳ ಸೀಟಿನ ಕೆಳಗೆ ಏನಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅವರು ಮುಂದಿನ ಸೀಟಿನ ಬೆನ್ನಿಗೆ ಹಣೆ ಆನಿಸಿ ನಿದ್ದೆ ಮಾಡಿದರು, ಅಥವಾ ನಿದ್ದೆ ಮಾಡಿದ ಹಾಗೆ ಕೂತರು. ಖಾನಾಪುರದ ಸ್ಟ್ಯಾಂಡಿನಲ್ಲಿ ಇಳಿದಾಗ ನಾನು ಮುಖ ತೊಳೆಯಲು ನೀರು ಹುಡುಕಿಕೊಂಡು ಹೋದೆ. ತಿರುಗಿ ಬಂದಾಗ ಅವರು ಇಳಿದಲ್ಲೇ ನಿಂತಿದ್ದರು, ಕೈಯಲ್ಲಿ ಬಾಳೆಹಣ್ಣಿನ ದೊಡ್ಡ ಗೊನೆ.

“ಇಷ್ಟ್ಯಾಕ?”

“ಕೂಟದವರಿಗೆ.”

ಕೂಟದ ಮನೆ ಹೆಂಚಿನ ಕಾರ್ಖಾನೆಯೊಂದರ ಹಿಂದೆ. ಚಾಪೆ ಹಾಸಿ ಕೂತಿದ್ದರು, ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ನನಗೆ ಮುಂದಿನ ಸಾಲಿನಲ್ಲಿ ಒಬ್ಬ ಮುದುಕಿಯ ಪಕ್ಕ ಜಾಗ ಸಿಕ್ಕಿತು. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅಳಾಕಿ ನೀನೇ ಏನ?” ಎಂದಳು. ಸಾಕ್ಷಿಯ ಹೆಂಡತಿಯನ್ನು ಅವಳು ಮೊದಲೇ ಕೇಳಿ ತಿಳಿದಿದ್ದಳು. ಹೌದೆಂದೂ ಅನ್ನದೆ ಇಲ್ಲವೆಂದೂ ಅನ್ನದೆ ಕೂತೆ.

ಹಾಡು ಮುಗಿಯಿತು. ಇವರು ಎದ್ದು ನಿಂತರು, ಮಾಸ್ತರರು ಪಕ್ಕಕ್ಕೆ ಬಂದು ಕಣ್ಣು ಮುಚ್ಚಿ ಬಲಗೈ ಎತ್ತಿ ಹಿಡಿದರು. ಅವರು ಅನುವಾದ ಮಾಡುವುದೇ ಹಾಗೆ. ಹೆಂಡದ ಸಮುದ್ರ ಬಂತು. ಕಂದಕ ಬಂತು. ದೇವದೂತೆ ಬಂದಳು. ಇವರು ಎರಡು ಮಾತು ಹೇಳಿದರೆ ಮಾಸ್ತರರು ಆರು ಮಾತು ಹೇಳುತ್ತಿದ್ದರು. ಕೆಲವೆಡೆ ಇವರು ಬಾಯಿ ತೆರೆಯುವ ಮುಂಚೆಯೇ ಮರಾಠಿ ಬಂದುಬಿಡುತ್ತಿತ್ತು, ಇವರು ಹಿಂದಿನಿಂದ ಕನ್ನಡದಲ್ಲಿ ಅದಕ್ಕೆ ಹೌದು ಅನ್ನುತ್ತಿದ್ದರು. ನಗು ಮುಚ್ಚಿಕೊಳ್ಳಲು ನಾನು ಆಗಾಗ ತಲೆ ತಗ್ಗಿಸಬೇಕಾಯಿತು. ಮುದುಕಿ ನನಗೆ ಅಳು ಬಂದಿದೆ ಎಂದು ತಿಳಿದು ಬೆನ್ನು ತಟ್ಟಿದಳು.

ಬಾಟಲಿ ಕಂದಕಕ್ಕೆ ಬಿದ್ದ ಮೇಲೆ ಬೇರುಸಹಿತದ ಸಾಲು ಬರಬೇಕಿತ್ತು. ಇವರು ನಿಂತುಬಿಟ್ಟರು. ಗಂಟಲು ಸರಿಮಾಡಿಕೊಂಡರು. ಎಲ್ಲಾ ಕೂಟಗಳಲ್ಲೂ ಇಲ್ಲಿ ಹೀಗೆ ಗಂಟಲು ಸರಿಮಾಡಿಕೊಳ್ಳುತ್ತಾರೆ, ಅದೂ ಸಾಕ್ಷಿಯ ಭಾಗವೇ. ಆದರೆ ಈ ಸಲ ನೆಲ ನೋಡುತ್ತಾ ಹೇಳಿದ್ದು ಬೇರೆ.

“ಖರೇ ಹೇಳಬೇಕಂದ್ರ, ಈಗ ಬಸ್‌ಸ್ಟ್ಯಾಂಡಿನ್ಯಾಗ ಇಳದಾಗ ನನಗ ಕುಡೀಬೇಕು ಅನಿಸ್ತು.”

ಮಾಸ್ತರರು ಕಣ್ಣು ಮುಚ್ಚಿದ್ದರು, ಕೈ ಮೇಲಿತ್ತು, ಧ್ವನಿ ಏರಿಸಿ ಹೇಳಿದರು: “ಆಣಿ ತ್ಯಾ ದಿವಸಾಪಾಸೂನ ತಹಾನ ಕಾಯಮಚೀ ಗೇಲೀ.” ಆ ದಿನದಿಂದ ದಾಹ ಕಾಯಮ್ಮಾಗಿ ಹೋಯಿತು ಎಂದು. ಪ್ರತಿ ಸಲ ಹೇಳುವ ಸಾಲು. ಕೇಳುವ ಅಗತ್ಯವೇ ಅವರಿಗೆ ಇರಲಿಲ್ಲ.

ಒಬ್ಬರೂ ಸ್ತೋತ್ರ ಅನ್ನಲಿಲ್ಲ. ಎಲ್ಲರಿಗೂ ಎರಡೂ ಭಾಷೆ ಬರುತ್ತದೆ ಎಂದು ಹೇಳಿದೆನಲ್ಲ. ಚಾಪೆಯ ಮೇಲಿದ್ದವರು ಒಮ್ಮೆ ಇವರನ್ನು, ಒಮ್ಮೆ ಮಾಸ್ತರರನ್ನು ನೋಡಿದರು. ನನ್ನ ಪಕ್ಕದ ಮುದುಕಿ, “ಮಾಸ್ತರ, ತಸಂ ನಾಹೀ ಮ್ಹಟಲಂ ತ್ಯಾನೀ,” ಎಂದಳು. ಆತ ಹಾಗೆ ಹೇಳಲಿಲ್ಲ ಎಂದು. ಹಿಂದಿನಿಂದ ಒಬ್ಬರು ಅದನ್ನೇ ಕನ್ನಡದಲ್ಲಿ ಹೇಳಿದರು: “ಅವರು ಬ್ಯಾರೇನ ಹೇಳ್ಯಾರ್ರಿ ಮಾಸ್ತರ.” ಅಲ್ಲೂ ಅನುವಾದ ತಪ್ಪಲಿಲ್ಲ.

ಮಾಸ್ತರರು ಕಣ್ಣು ತೆರೆದರು. ಕೈ ಇಳಿಸಿದರು. “ಏನ ಹೇಳಿದ್ರಿ? ಮತ್ತೊಮ್ಮೆ ಹೇಳ್ರಿ.”

ಒಂದು ಮಾತನ್ನು ಬಾಯಿತಪ್ಪಿ ಹೇಳಿಬಿಡಬಹುದು. ಎರಡನೆಯ ಸಲ ಹೇಳುವುದಕ್ಕೆ ಧೈರ್ಯ ಬೇಕು. ಇವರ ಕಿವಿ ಕೆಂಪಾದದ್ದು ನನಗೆ ಕೂತಲ್ಲಿಂದ ಕಂಡಿತು. ಈಗ ಇವರು ಹಳೆಯ ಸಾಲಿಗೆ ವಾಪಸಾಗುತ್ತಾರೆ ಎಂದುಕೊಂಡೆ. ದಾರಿ ಸಲೀಸಾಗಿತ್ತು. ಮಾಸ್ತರರು ಆಗಲೇ ಹೇಳಿಯೂ ಆಗಿತ್ತು, ಹೌದು ಅಂದರೆ ಸಾಕು.

“ಬಸ್‌ಸ್ಟ್ಯಾಂಡಿನ್ಯಾಗ,” ಎಂದರು ಇವರು. “ಕುಡೀಬೇಕು ಅನಿಸ್ತು.”

“ಯಾವಾಗ? ಆವಾಗಿಂದೇನ?”

“ಇಲ್ಲರಿ. ಇವತ್ತ. ಈಗ ಬಂದೀವಲ್ಲ, ಆವಾಗ. ಈಗೂ ಸ್ವಲ್ಪ ಐತಿ.”

ಮೂರು ಸಲ ಆಯಿತು. ಮಾಸ್ತರರು ಜನರ ಕಡೆ ತಿರುಗಿ, ಸಮುದ್ರ ಇಲ್ಲದೆ, ದೇವದೂತ ಇಲ್ಲದೆ, ಇದ್ದದ್ದನ್ನು ಇದ್ದಷ್ಟೇ ಮರಾಠಿಯಲ್ಲಿ ಹೇಳಿದರು. ನಾನು ಕೇಳಿದ ಅವರ ಅನುವಾದಗಳಲ್ಲಿ ಕನ್ನಡಕ್ಕಿಂತ ಚಿಕ್ಕದಾಗಿದ್ದದ್ದು ಅದೊಂದೇ.

ಇದಕ್ಕೆ ಸ್ತೋತ್ರ ಎನ್ನಬೇಕೋ ಅಯ್ಯೋ ಎನ್ನಬೇಕೋ ಯಾರಿಗೂ ತಿಳಿಯಲಿಲ್ಲ. ಕೊನೆಗೆ ಮುದುಕಿಯೇ, ಬಾಜಾರಿನಲ್ಲಿ ರೇಟು ಒಪ್ಪಿಕೊಂಡವಳ ಹಾಗೆ, “ಸ್ತೋತ್ರ” ಎಂದಳು. ಎಲ್ಲರಿಗೂ ಉಸಿರು ಬಂತು. ಆಕೆ ಅಲ್ಲಿಗೇ ಬಿಡಲಿಲ್ಲ.

“ಮತ್ತ ಏನ ಮಾಡಿದೆಪಾ?”

“ಏನೂ ಮಾಡ್ಲಿಲ್ಲಬೇ. ನಿಂತೆ. ಕರ್ತನ ಪ್ರಾರ್ಥನಿ ಹೇಳಾಕ ಹತ್ತಿದೆ, ಅರ್ಧಕ್ಕ ಮರತುಹೋತು. ಮತ್ತ ಮೊದಲಿಂದ ಹೇಳಿದೆ. ಬಾಜೂಕ ಬಾಳಿಹಣ್ಣಿನ ಗಾಡಿ ಇತ್ತು, ತಗೊಂಡೆ.”

ಇಡೀ ಕೂಟ ಮೂಲೆಯಲ್ಲಿದ್ದ ಗೊನೆಯ ಕಡೆ ತಿರುಗಿತು. ಮಾಸ್ತರರು ಇದನ್ನು ಮರಾಠಿಗೆ ಹೇಳಲಿಲ್ಲ, ಹೇಳುವ ಅಗತ್ಯವಿರಲಿಲ್ಲ. ಮೊದಲು ನಕ್ಕವರು ಇವರೇ. ಗಂಡಸರ ಕಡೆಯಿಂದ ಒಬ್ಬರು, ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಮತ್ತೆ ಹಾಕಿಕೊಳ್ಳುತ್ತ, “ನನಗ ಸಂಬಳದ ದಿನ ಭಾಳ ಆಗತೈತಿ,” ಎಂದರು, ಯಾರಿಗೆಂದಿಲ್ಲದೆ. ಇನ್ನೊಬ್ಬರು ಮರಾಠಿಯಲ್ಲಿ, ತನಗೆ ಮದುವೆ ಮನೆಗಳಲ್ಲಿ ಎಂದರು. ಇವರು ನಿಂತಿದ್ದವರು ಹೋಗಿ ಅವರ ನಡುವೆ ಚಾಪೆಯ ಮೇಲೆ ಕೂತರು. ಆಮೇಲೆ ಅಲ್ಲಿ ನಡೆದ ಮಾತು ಹೆಂಗಸರ ಕಡೆಗೆ ಕೇಳುವಷ್ಟು ಜೋರಾಗಿರಲಿಲ್ಲ. ಮಾಸ್ತರರು ದೊಡ್ಡ ಪ್ರಾರ್ಥನೆ ಮಾಡುವವರು, ಚಿಕ್ಕ ಪ್ರಾರ್ಥನೆ ಮಾಡಿದರು.

ನನ್ನ ಸಾಕ್ಷಿ? ಕರೆದರೆಂದು ನೆನಪಿದೆ. ನಾನು ಎದ್ದು ನಿಂತು, ನರ್ಸ್, ರಿಂಗ್‌ಟೋನ್, ಟೇಲರ್ ಎಲ್ಲವನ್ನೂ ನೆಟ್ಟಗೆ ಮಾಡಬೇಕೆಂದು ಕೂಡಿಸಿಟ್ಟುಕೊಂಡದ್ದೂ ನೆನಪಿದೆ. ಏನೂ ಹೇಳದೆ ಕೂತೆ ಎಂದು ನಾನು ತಿಳಿದಿದ್ದೇನೆ. “ಹಣ್ಣು ಭಾಳ ಆಗ್ಯಾವ, ಎಲ್ಲಾರೂ ತಿನ್ರಿ ಅಂದಿ,” ಎಂದು ಅವರು ಹೇಳುತ್ತಾರೆ. ಅಳುತ್ತಾ ಹೇಳಿದೆ ಎಂದೂ ಸೇರಿಸುತ್ತಾರೆ. ಅವರ ಮಾತನ್ನು ನಂಬುವ ಹಾಗಿಲ್ಲ ಎಂದು ಓದುವವರಿಗೆ ಈಗ ಗೊತ್ತಾಗಿದೆ.

ಬಸ್ಸಿಗೆ ಬಿಡಲು ಬಂದ ಮಾಸ್ತರರು ಸ್ವಲ್ಪ ಮುನಿಸಿಕೊಂಡಿದ್ದರು. “ಹಿಂಗ ನಡುವ ಹೊಸಾದು ಹೇಳಾವ್ರಿದ್ರ ಮುಂಚೆ ಒಂದ ಮಾತ ಹೇಳಬೇಕಲ್ರಿ. ಜನರ ಮುಂದ ನನ್ನ ಮರಾಠಿ ಹೋತು.”

“ನನಗೂ ಮುಂಚೆ ಗೊತ್ತಿರಲಿಲ್ಲರಿ ಮಾಸ್ತರ.”

“ಹಂಗಾದ್ರ ಇರ್ಲಿ,” ಎಂದು ಅವರು ಇವರ ಹೆಗಲ ಮೇಲೆ ಕೈ ಇಟ್ಟರು. ಬಸ್ಸು ಬರುವವರೆಗೆ ಆ ಕೈಯನ್ನು ತೆಗೆಯಲಿಲ್ಲ. ಸ್ಟ್ಯಾಂಡಿನಲ್ಲಿ ಇವರು ಒಬ್ಬರೇ ನಿಲ್ಲದ ಹಾಗೆ ಅವರು ಹಾಗೆ ಮಾಡಿದರೆಂದು ನನಗೆ ಆಮೇಲೆ ಹೊಳೆಯಿತು. ಅಥವಾ ವಯಸ್ಸಾದವರು, ಆಸರೆಗೆ ಇಟ್ಟಿದ್ದರೋ ಏನೋ.

ದಾರಿಯಲ್ಲಿ ನಾನು ಸಿಟ್ಟು ತೋರಿಸಿದೆ. “ನೀರಿಗೆ ಹೋಗಿ ಬರೂದ್ರಾಗ ಇಷ್ಟೆಲ್ಲ ಆಗೈತಿ, ನನಗ ಹೇಳೂದ ಬಿಟ್ಟು ಮಂದಿಗೆ ಹೇಳಿದ್ರಿ.”

“ನಿನಗ ಹೇಳಿದ್ರ ನೀ ಹೆದರ್ತಿ.”

“ಹೇಳದಿದ್ರ ಹೆದರ್ತೀನಿ.”

ಅವರು ಅದನ್ನು ದೇಸೂರು ಬರುವವರೆಗೂ ಯೋಚಿಸಿದರು. “ಹಂಗಾದ್ರ ಹೇಳೇ ಹೆದರಸ್ತೀನಿ ತಗೋ,” ಎಂದರು.

ಅಲ್ಲಿಂದೀಚೆಗೆ ಅವರ ಸಾಕ್ಷಿಗೆ ಕರೆ ಕಡಿಮೆಯಾಗಿದೆ. ದೊಡ್ಡ ಕೂಟಗಳವರಿಗೆ ಕೊನೆ ಇರುವ ಸಾಕ್ಷಿ ಬೇಕು, ಇವರದಕ್ಕೆ ಕೊನೆ ಇಲ್ಲದ ಹಾಗಾಗಿದೆ. ಫರಶಿ ಹಾಕುವವರನ್ನು ಹುಡುಕಿಕೊಂಡು ಹೋಗಿದ್ದರು. ಆತ ಕೆಲಸದ ಮೇಲೆ ಗೋವಾಕ್ಕೆ ಹೋಗಿದ್ದಾರೆ, ನಂಬರ್ ಹತ್ತುವುದಿಲ್ಲ. ಆ ಹೆಸರು ಈಗ ಬೆಳಗಿನ ಪ್ರಾರ್ಥನೆಯಲ್ಲಿ ಬರುತ್ತದೆ. ಪ್ರಾರ್ಥನೆಯೂ ಬದಲಾಗಿದೆ. ಮೊದಲು ಕಿತ್ತುಹಾಕಿದ್ದಕ್ಕೆ ಉದ್ದನೆಯ ವಂದನೆ ಇರುತ್ತಿತ್ತು. ಈಗ ನೀರಿನ ಮೋಟರ್ ಚಾಲೂ ಮಾಡಿ, ಅದರ ಪಕ್ಕದಲ್ಲೇ ಮೊಳಕಾಲೂರಿ, ಇವತ್ತಿನ ಸಂಜೆ ದಾಟಿಸು ಎನ್ನುತ್ತಾರೆ. ಟಾಕಿ ತುಂಬಿ ನೀರು ಹೊರಚೆಲ್ಲುವುದರೊಳಗೆ ಮುಗಿಯುತ್ತದೆ. ಕೆಲವು ದಿನ ಮುಗಿಯುವುದಿಲ್ಲ, ಆವತ್ತು ಓಣಿಯವರು ಬೈಯುತ್ತಾರೆ.

ಹೆದರಿಸುವ ಮಾತನ್ನು ಮಾತ್ರ ಚಾಚೂ ತಪ್ಪದೆ ಪಾಲಿಸುತ್ತಿದ್ದಾರೆ. ಯಾವ ಹೊತ್ತೂ ನೋಡುವುದಿಲ್ಲ. ನಾನು ಕಾಪಿ ತಿದ್ದುವಾಗ, ಅವರ ಅಕ್ಕನ ಜೊತೆ ಫೋನಿನಲ್ಲಿರುವಾಗ, ಒಮ್ಮೆ ಭಾನುವಾರ ಚರ್ಚಿನಲ್ಲಿ ಪಾಳಕರ ಪ್ರಸಂಗದ ನಡುವೆ, ಕಿವಿಯ ಹತ್ತಿರ ಬಂದು “ಬಂತು” ಎನ್ನುತ್ತಾರೆ, ದಿನಾ ಬರುವ ನೆಂಟ ಬಂದ ಹಾಗೆ. ಮೊದಮೊದಲು ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಏಳುತ್ತಿದ್ದೆ. ಈಗ, ಹೇಳುವುದಕ್ಕೆ ನಾಚಿಕೆ, ಕೆಲವೊಮ್ಮೆ “ಸ್ವಲ್ಪ ತಡೀರಿ, ಈ ಪುಟ ಮುಗಸ್ತೀನಿ” ಎನ್ನುತ್ತೇನೆ. ಆಮೇಲೆ ಪೆನ್ನು ಇಟ್ಟು ಪಕ್ಕ ಹೋಗಿ ಕೂರುತ್ತೇನೆ.

ಮೊನ್ನೆ ಖಾಸಬಾಗದ ಬಾಜಾರಿನಲ್ಲಿ ಮೆಂತೆಯ ಸಿವುಡು ಹಿಡಿದು ರೇಟಿನ ಮಾತಾಡುತ್ತಿದ್ದೆ. ಕಾಯಿಪಲ್ಯೆ ಮಾರುವಾಕೆ ನಮ್ಮ ಖಾಯಂ, ಹಣೆಯ ತುಂಬ ವಿಭೂತಿ, ಬಾಯಿ ತುಂಬ ಮಾತು. ನಾನು ಅರ್ಧಕ್ಕೆ ಇಳಿಸಿದ್ದೆ, ಇನ್ನೂ ಇಳಿಸುವವಳಿದ್ದೆ. ಅಷ್ಟರಲ್ಲಿ ಹಿಂದಿನಿಂದ, “ಬಂತು.”

ಗದ್ದಲದಲ್ಲಿ ಅವರು ಚೀಲ ಹಿಡಿದು ನಿಂತಲ್ಲೇ ಕಣ್ಣು ಮುಚ್ಚಿದರು. ತುಟಿ ಅಲುಗುತ್ತಿತ್ತು. ನಾನು ಅವರ ಮೊಳಕೈ ಹಿಡಿದುಕೊಂಡೆ.

“ಅಣ್ಣಾರಿಗೆ ಏನಾತ್ರಿ? ಚಕ್ಕರ ಬಂತೇನ?” ಎಂದಳು ಆಕೆ.

“ಇಲ್ಲವಾ. ಪ್ರಾರ್ಥನಿ ಮಾಡಾಕ ಹತ್ಯಾರ.”

ಆಕೆ ಇವರನ್ನು ನೋಡಿದಳು, ನನ್ನ ಕೈಯ ಮೆಂತೆಯನ್ನು ನೋಡಿದಳು. “ನೀವು ಹಿಂಗ ರೇಟ ಮುರದ್ರ ನಾನೂ ಮಾಡಬೇಕಾಗತೈತಿ,” ಎಂದು ಪಕ್ಕದ ಬುಟ್ಟಿಯನ್ನು ಸರಿಸಿ, ಇವರಿಗೆ ಮಂದಿ ಹಾಯದ ಹಾಗೆ ಸ್ವಲ್ಪ ಜಾಗ ಮಾಡಿದಳು.

ಕಣ್ಣು ಬಿಟ್ಟರು.

“ಹೋತೇನ್ರಿ?” ಎಂದೆ.

“ಇಲ್ಲ ಇನ್ನ. ಅಷ್ಟರಾಗ ನೀ ಕೊತ್ತಂಬ್ರಿ ತಗೋ.”